ಸೋಂಕಿನ ವಂಶಾವಳಿ

ಅನಗೋಳದ ಭೂಪಾಲಣ್ಣ ಮನೆತನ ವಿಚಾರಿಸದೆ ಕೆಮ್ಮನ್ನೂ ನಂಬುವವನಲ್ಲ. ಮೂವತ್ತು ವರ್ಷ ಜೈನ ಮನೆಗಳ ಹುಡುಗ-ಹುಡುಗಿಯರನ್ನು ಜೋಡಿಸಿದ ಈ ಮಧ್ಯಸ್ಥ, ಕೊರೊನಾದಲ್ಲಿ ಮದುವೆಗಳು ನಿಂತಾಗ ಸುಮ್ಮನೆ ಕೂರಲಾರದೆ ಸೋಂಕಿನ ವಂಶಾವಳಿ ಬರೆಯತೊಡಗಿದ. ಈಗಲೂ ಓಣಿಯಲ್ಲಿ ಯಾರಾದರೂ ಸೀನಿದರೆ ಸಾಕು, ಅಂಗಿಯ ಕಿಸೆಯಿಂದ ಆ ನೋಟ್‌ಬುಕ್ಕು ಹೊರಬರುತ್ತದೆ. "ಕುಂದರ್ರಿ, ಮೂಲ ಹೇಳತೇನಿ. ಅವಾಗ ನಿಮ್ಮ ಮನಿಗೆ ಬಂದದ್ದು ಕಾಕತಿ ಬೀಗರಿಂದ. ಅವರಿಗೆ ಕೊಟ್ಟಾವ ಆಟೋ ನಗರದ ಅಳಿಯ. ಅವಗ ಹತ್ತಿದ್ದು ಖಾನಾಪುರದಾಗ, ತಮ್ಮಗ ಕನ್ಯಾ ನೋಡಾಕ ಹೋದಾಗ." ವೈರಾಣು ರೂಪ ಬದಲಿಸಿದ್ದೂ ಅವನಿಗೆ ಮನೆಗೆ ಹೊಸ ಸೊಸೆ ಬಂದಂತೆಯೇ. "ಡೆಲ್ಟಾ ಹಿರೀ ಸೊಸಿ, ಭಾಳ ಸಿಟ್ಟಿನಾಕಿ. ಓಮಿಕ್ರಾನ್ ಕಿರೀ ಸೊಸಿ. ಸಿಟ್ಟು ಕಡಿಮಿ ಖರೇ, ಆದರ ಮುಂಜಾನಿ ಹೊಂಟರ ಸಂಜಿಯೊಳಗ ಇಡೀ ಓಣಿ ತಿರಗಿ ಬರತಾಳ!" ಖಾನಾಪುರದ ಆ ಮನೆಯಲ್ಲಿ ಅಂದು ಉಪ್ಪಿಟ್ಟು ತಿಂದವರು ಹನ್ನೊಂದು ಮಂದಿ. ಯಾರು ಯಾರಿಗೆ ಒಯ್ದು ಕೊಟ್ಟರೆಂಬುದು ನೋಟ್‌ಬುಕ್ಕಿನ ಹತ್ತು ಸಾಲುಗಳಲ್ಲಿ ಹೆಸರು ಸಹಿತ ಇದೆ. ಹನ್ನೊಂದನೆಯ ಸಾಲಿನಲ್ಲಿ ತಗಲಿಸಿಕೊಂಡವಳು ಅವನ ಹೆಂಡತಿ ಚಂಪಾಬಾಯಿ. ತಂದವರ ಜಾಗ ಖಾಲಿ. "ಈ ರೋಗದಾಗ ಖಾನಾಪುರಕ್ಕ ಹೋಗಬ್ಯಾಡ್ರಿ" ಎಂದು ಅವಳು ಅಂದು ಅವನ ಚಪ್ಪಲಿ ಬಚ್ಚಿಟ್ಟಿದ್ದಳು. ಹಟ ಹಿಡಿದು ಬರಿಗಾಲಲ್ಲೇ ಹೋಗಿದ್ದ. ಎಲ್ಲಿಟ್ಟಿದ್ದೆನೆಂದು ಹೇಳಲು ಅವಳು ಆಸ್ಪತ್ರೆಯಿಂದ ಮರಳಲಿಲ್ಲ. ಊರವರ ಸೀನಿಗೆಲ್ಲ ಮೂಲ ಹುಡುಕಿ ಕೊಡುವ ಭೂಪಾಲಣ್ಣನಿಗೆ ತನ್ನ ಮನೆಯಲ್ಲೇ ಇರುವ ಆ ಚಪ್ಪಲಿ ಇನ್ನೂ ಸಿಕ್ಕಿಲ್ಲ.