ಮನ್ಯಾಗ ಕೇಳಿ ಹೇಳ್ತೇನ್ರಿ

ಗಂಜಿ ಹಾಕಿದ ಸೀರೆ ಇಸ್ತ್ರಿಯಡಿ ಬಿಸಿಯಾದ ವಾಸನೆ ಬಂತೆಂದರೆ ಮಗಳು ಸುಮಿತ್ರಾ ಕಾಲೇಜಿಗೆ ಹೊರಟಳೆಂದು ಅರ್ಥ. ನವಲಗುಂದದಲ್ಲಿ ಪಾಠ ಹೇಳುತ್ತಾಳೆ. ಮೊನ್ನೆ ಸೀರೆ ಅರ್ಧ ಆಗುವಾಗಲೇ ಫೋನು ಬಂತು. ಅವಳ ವಿದ್ಯಾರ್ಥಿನಿ, ಯಮನೂರಿನ ರೇಣುಕಾ. ಹುಬ್ಬಳ್ಳಿಯ ಕಂಪನಿಯವರು ಕೆಲಸಕ್ಕೆ ಆರಿಸಿದ್ದಾರೆ, ಸಂಜೆಯೊಳಗೆ ಹೂಂ ಅನ್ನಬೇಕು.

"ಮನ್ಯಾಗ ಕೇಳಿ ಹೇಳ್ತೇನಿ ಅಂದೇನ್ರಿ ಮೇಡಂ. ಅಪ್ಪಾ ಮಾತಽ ಆಡವಲ್ಲ."

ಮನ್ಯಾಗ ಕೇಳಿ ಹೇಳ್ತೇನಿ ಅನ್ನುವ ಮಾತು ನಿಮಗೂ ಗೊತ್ತಿರಬೇಕು, ಒಲ್ಲೆ ಅನ್ನಲು ಬಾಯಿ ಬಾರದವರದು. ನಮ್ಮ ಕಡೆ ಸೀರೆ ಮಾರುವವನಿಗೂ ಇದೇ, ಹೆಣ್ಣು ಕೇಳಲು ಬಂದವರಿಗೂ ಇದೇ. ನಾನು ಮಾತ್ರ ಒಲ್ಲೆ ಅಂದರೆ ಒಲ್ಲೆ. ಅದಕ್ಕೇ ಸೀರೆ ಮಾರುವವನು ನಮ್ಮ ಬಾಗಿಲಲ್ಲಿ ನಿಲ್ಲದೆ ಮುಂದೆ ಹೋಗುತ್ತಾನೆ.

ಸುಮಿತ್ರಾಳೂ ಹಿಂದೆ ಹೀಗೇ ಮಾಡಿದ್ದಳು. ಕಂಪನಿಗಳಿಗೆ ಮಂದಿಯನ್ನು ಆರಿಸಿಕೊಡುವ ಆಫೀಸು, ಎಚ್‌ಆರ್ ಅಂತಾರಲ್ಲ, ಅದು ಅವಳನ್ನು ಕೆಲಸಕ್ಕೆ ಕರೆದಿತ್ತು. ಮನೆಯಲ್ಲಿ ಕೇಳುತ್ತೇನೆಂದು ಎದ್ದು ಬಂದಳು. ಮೊರಬದ ನಮ್ಮ ಕಟ್ಟೆಯ ಮೇಲೆ ಮೈದುನ ಕುಳಿತಿದ್ದ.

"ಏನ್ರಿ ವೈನಿ, ಹೊಲದಾಗ ಕಸಾ ತಗ್ಯಾಕ ಆಳು ಕರಕೋತ ನೀವು ಓಣಿ ಓಣಿ ಅಡ್ಡಾಡ್ತೀರಿ. ಇಕಿ ಅದನ್ನಽ ಮಾಡಾಕ ಡಿಗ್ರಿ ಓದಿದಳೇನು?"

ಸುಳ್ಳಲ್ಲ, ನಗು ಬಂತು. "ನಾ ಬಿಸಲಾಗ ಕರೀತೇನಿ, ಅಕಿ ಫ್ಯಾನಿನ ಕೆಳಗ ಕರೀಲಿ," ಅಂದೆ. ಮಗಳಿಗೆ, "ಮನೀ ಅಂದ್ರ ಯಾರಬೇ? ನಾನಽ ಹೌದಲ್ಲ? ಕೇಳಿದಿ, ಹೇಳಿದೆ. ಹೋಗು."

ಹೋದಳು. ವರ್ಷಗಟ್ಟಲೆ ಆ ಕುರ್ಚಿಯಲ್ಲಿ ಕುಳಿತಳು. ನಮ್ಮ ಊರುಗಳ ಹುಡುಗಿಯರು ಬಂದು ಅದೇ ಮಾತು ಹೇಳಿ ಎದ್ದು ಹೋಗುವುದನ್ನು ನೋಡಿ ನೋಡಿ ಸಾಕಾಗಿ, ಕಾಲೇಜಿಗೆ ಪಾಠ ಹೇಳಲು ಬಂದಳು.

"ಅವರಪ್ಪಗ ಫೋನ್ ಹಚ್ತೇನಿ," ಅಂದಳು ಮೊನ್ನೆ, ರೇಣುಕಾಳ ಮಾತು ಕೇಳಿ. ಫೋನಿನಲ್ಲಿ ಗಂಡಸರು ಹೂಂ ಹೂಂ ಅಂದು ಇಟ್ಟುಬಿಡುತ್ತಾರೆ.

"ಇಸ್ತ್ರಿ ಬಂದ್ ಮಾಡು. ಯಮನೂರಿಗೆ ಹೋಗೂಣು."

"ಅವ್ವಾ, ಅಲ್ಲಿ ಜಗಳಾ ತಗೀಬ್ಯಾಡ ಮತ್ತ."

"ಜಗಳಾ ತಗ್ಯಾಕ ಅಲ್ಲಂದ್ರ ನಾ ಯಾಕ ಬರ್ಲಿ?"

ಜಗಳವಾಗಲಿಲ್ಲ. ರೇಣುಕಾಳ ಅಪ್ಪ ಚಹಾ ಕೊಡಿಸಿದ, ಹೆಸರುಕಾಳಿನ ಬೆಳೆಯ ಮಾತಾಡಿದ. ಕೆಲಸದ ಮಾತಿಗೆ ಮಾತ್ರ, "ವಿಚಾರ ಮಾಡೂಣ್ರಿ," ಅಂದ.

"ಮಾಡ್ರಿ. ನಾ ಕುಂತಿರ್ತೇನಿ," ಅಂದು ಗೋಡೆಗೆ ಒರಗಿದೆ. ಆಳು ಕರೆಯಲು ಹೋದಾಗಲೂ ನನ್ನ ಪದ್ಧತಿ ಅದೇ. ಉತ್ತರ ಸಿಗುವ ತನಕ ಏಳುವುದಿಲ್ಲ.

ರೊಟ್ಟಿ ಬಂತು, ತಿಂದೆ. ಆತ ಹೊಲಕ್ಕೆ ಹೋಗಿ ಬಂದ. ನನ್ನನ್ನು ಅಲ್ಲೇ ನೋಡಿ ಮಗಳನ್ನು ಕರೆದ.

"ಈ ಆಯಿ ಏಳೂ ಹಂಗ ಕಾಣೂದಿಲ್ಲ. ನೀ ಏನಂತಿ?"

ರೇಣುಕಾ ಯಾರ ಮುಖವನ್ನೂ ನೋಡಲಿಲ್ಲ. "ಹೋಗ್ತೇನಪಾ," ಅಂದು ಫೋನು ತರಲು ಒಳಗೆ ಓಡಿದಳು.

ಕುಳಿತು ಕುಳಿತು ನನ್ನ ಮೊಣಕಾಲುಗಳು ಹಿಡಿದುಕೊಂಡಿದ್ದವು. ಕೈ ಕೊಟ್ಟು ಎಬ್ಬಿಸಿದವನು ಅವಳ ಅಪ್ಪನೇ.