ಲಾಲಬಿ ಮತ್ತು ಬೆಳಕು ತಿಂದ ಕೆಂಪು

ಇಳಕಲ್ಲಿನ ಲಾಲಬಿಯ ತಲೆ ಹೇಗೆ ಓಡುತ್ತಿತ್ತು ಅಂತ ತಿಳಿಯಬೇಕಾದರೆ ಸಾವಿರದ ಒಂಬೈನೂರ ಎಂಟರ ಆಸುಪಾಸಿನ ಒಂದು ಬೇಸಿಗೆಗೆ ಹೋಗಬೇಕು. ಅವಳ ಗಂಡ ರಾಜಮಹ್ಮದ ಸೀರೆಯ ಸೆರಗಿನ ರೇಷ್ಮೆಗೆ ಬಣ್ಣ ಹಾಕುತ್ತಿದ್ದ. ಅಲ್ಲಿಯವರೆಗೆ ಅರಗು ಕುಟ್ಟಿ, ಕುದಿಸಿ ಕೆಂಪು ತೆಗೆಯುತ್ತಿದ್ದರು. ಆ ವರ್ಷ ಮುಂಬೈಯಿಂದ ಡಬ್ಬಿಯಲ್ಲಿ ಹೊಸ ಪುಡಿ ಬಂತು. ಚಿಟಿಕೆ ಹಾಕಿದರೆ ಸಾಕು, ಕಣ್ಣು ಕುಕ್ಕುವ ಕೆಂಪು. ಕುಟ್ಟುವ ಕೆಲಸ ತಪ್ಪಿತೆಂದು ಲಾಲಬಿಗೆ ಖುಷಿಯೋ ಖುಷಿ.

ಕೆಲವೇ ವಾರಗಳಲ್ಲಿ ನೇಕಾರ ಶಿವಸಂಗಪ್ಪ ಹೇಳಿ ಕಳಿಸಿದ. ಗಂಡ ಹೆಂಡತಿ ಓಡಿದರು. ಮಗಳ ಮದುವೆಗೆಂದು ಅವನು ನೇಯ್ದ ಸೀರೆ ಪಡಸಾಲೆಯ ಕಿಟಕಿಯ ಎದುರು ಗಳದ ಮೇಲಿತ್ತು. ಸೆರಗು ಉಳ್ಳಾಗಡ್ಡಿ ಸಿಪ್ಪೆಯ ಬಣ್ಣಕ್ಕೆ ತಿರುಗಿತ್ತು.

"ಪುಡಿ ಉಳಿಸಿ ಬರೇ ನೀರ ಕುಡಿಸೀಯಲ್ಲೋ ರಾಜಮಹ್ಮದ. ಸೆರಗಿನ ಒಂದೊಂದ ಎಳಿ ಸೀರಿ ಒಡಲಿಗೆ ಕೊಂಡಿ ಹಾಕಿ ಕೂಡಿಸೇನಿ. ಬಿಚ್ಚಿ ಬ್ಯಾರೆ ಸೆರಗ ಹಚ್ಚಾಕ ಬರ್ತೈತೇನ? ಇನ್ನ ನಮ್ಮ ಓಣಿ ರೇಷ್ಮಿ ಬಣ್ಣಕ್ಕ ಗುಳೇದಗುಡ್ಡಕ್ಕ ಹೋಗ್ತೈತಿ," ಎಂದ ಶಿವಸಂಗಪ್ಪ.

ಓಣಿಯ ರೇಷ್ಮೆ ಹೋದರೆ ರಾಜಮಹ್ಮದನ ಒಲೆ ಆರಿದಂತೆಯೇ. ಮೇಲೆ ಕಳ್ಳನೆಂಬ ಹೆಸರು ಬೇರೆ. "ಬಿಸಿಲಿನ ಝಳಾ ಬಡದಿರಬೇಕ್ರಿ ಅಣ್ಣಾರ," ಎಂದ ಅವನು. "ಅದಕ್ಕ ನಾವು ನೂಲ ನೆರಳಾಗ ಒಣಗಸೋದು."

ಲಾಲಬಿ ಆಗಲೇ ಸೀರೆಯ ಮಡಿಕೆ ಬಿಡಿಸುತ್ತಿದ್ದಳು. ಒಳಮಡಿಕೆಯ ಕೆಂಪು ಥಳಥಳ ಹೊಳೆಯಿತು.

"ಅಣ್ಣಾರ, ಎಲ್ಲಾ ಒಂದ ಹಂಡೇದ ಬಣ್ಣರಿ. ನೀರ ಕುಡಿಸಿದ್ರ ಒಳಗೂ ಬಿಳಚಬೇಕಿತ್ತಲ್ಲ? ಝಳಾ ಅಂದ್ರ, ನಿಮ್ಮ ಪಡಸಾಲಿ ತಣ್ಣಗೈತಿ."

"ಮತ್ತ ಯಾರ ತಿಂದ್ರು, ನಮ್ಮ ಬೆಕ್ಕ?" ಎಂದಳು ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಶಿವಸಂಗಪ್ಪನ ತಾಯಿ ಅಂಬವ್ವ.

ಲಾಲಬಿ ಕಿಟಕಿಯ ಕಡೆ ತಿರುಗಿದಳು. ಶಿವಸಂಗಪ್ಪ ಹುಬ್ಬಳ್ಳಿಯಿಂದ ತರಿಸಿ ಕೂರಿಸಿದ್ದ ಗಾಜುಗಳು: ಕೆಂಪು, ಹಸಿರು, ಬಿಳಿ.

"ಬೆಳಕ ತಿಂದೈತಿ ಅನಸ್ತೈತಿ. ಬರೋ ಸಂತಿತನಕ ತಡೀರಿ. ನಿಮ್ಮ ಕಿಡಕ್ಯಾಗ ನೋಡೂಣು."

ಪುಡಿಬಣ್ಣದ ನೂಲನ್ನು ಪ್ರತಿ ಗಾಜಿಗೂ ಒತ್ತಿ ಕಟ್ಟಿ, ಬೇರೆ ಬೆಳಕು ನುಸುಳದಂತೆ ಹಿಂದೆ ಕರಿ ಬಟ್ಟೆ ಬಿಗಿದಳು. ಬಿಳಿ ಗಾಜಿಗೆ ಹಳೆಯ ಅರಗಿನ ಕೆಂಪಿನದೂ ಒಂದು ಎಳೆ. ಝಳದ ಪರೀಕ್ಷೆಗೆಂದು ಪುಡಿಬಣ್ಣದ ಇನ್ನೊಂದು ಎಳೆಯನ್ನು ಮಡಕೆಯಲ್ಲಿ ಮುಚ್ಚಿ ಒಲೆಯ ಪಕ್ಕದಲ್ಲಿಟ್ಟಳು. ಆಮೇಲೆ ಅದೇ ಗುಂಗಿನಲ್ಲಿ ಅವಳಿಗೆ ರೊಟ್ಟಿ ಹೊತ್ತಿದ್ದೂ ಗೊತ್ತಾಗಲಿಲ್ಲ.

ಸಂತೆಯ ದಿನ ಬಿಚ್ಚಿದರು. ಮಡಕೆಯದು ಕೆಂಪಗೇ ಇತ್ತು, ಝಳದ ತಪ್ಪಲ್ಲ. ಬಿಳಿ ಗಾಜಿನ ಪುಡಿಬಣ್ಣ ಸತ್ತಿತ್ತು, ಹಸಿರು ಗಾಜಿನದೂ ಸತ್ತಿತ್ತು. ಕೆಂಪು ಗಾಜಿನದು ಮಾತ್ರ ಈಗಷ್ಟೇ ಹಂಡೆಯಿಂದ ತೆಗೆದಂತಿತ್ತು.

"ಹಸರು ಕೆಂಪು ಎರಡೂ ಅಷ್ಟ ಮಬ್ಬ ಗಾಜ," ಎಂದ ರಾಜಮಹ್ಮದ. "ಹಸರದಾಗ ಹೋತು, ಕೆಂಪಿನ್ಯಾಗ ಉಳೀತು. ಯಾಕ?"

ಲಾಲಬಿಯ ಮಾತು ತಡವರಿಸುವಷ್ಟು ಜೋರಾಗಿ ಓಡಿತು. "ಕೆಂಪ ಬಣ್ಣ ಕೆಂಪ ಬೆಳಕನ್ನ ಒಲ್ಲೆ ಅಂತ ಹೊರಗ ದಬ್ಬತೈತಿ. ಅದಕ್ಕ ನಮ್ಮ ಕಣ್ಣಿಗೆ ಕೆಂಪ ಕಾಣತೈತಿ. ಹಸರ ಬೆಳಕನ್ನ ನುಂಗತೈತಿ. ನುಂಗಿದ್ದ ಅದರ ಹೊಟ್ಟಿ ಕೆಡಸ್ತೈತಿ."

"ಹಂಗಾರ ಮದುಮಗಳನ್ನ ಕೆಂಪ ಗಾಜಿನ ಪೆಟಗ್ಯಾಗ ಕುಂದರಸೂಣೇನ?" ಎಂದಳು ಅಂಬವ್ವ.

"ಬ್ಯಾಡ್ರಿ ಅವ್ವಾರ, ಇದನ್ನ ನೋಡ್ರಿ." ಬಿಳಿ ಗಾಜಿನಿಂದ ಬಿಚ್ಚಿದ ಅರಗಿನ ಎಳೆ ಅಷ್ಟು ಬೆಳಕಿನಲ್ಲೂ ಹೆಚ್ಚುಕಡಿಮೆ ಹಾಗೆಯೇ ಇತ್ತು. "ಇದೂ ನುಂಗತೈತಿ, ಆದ್ರ ತಡಕೋತೈತಿ."

ಶಿವಸಂಗಪ್ಪ ಎಳೆಗಳನ್ನು ಪಕ್ಕಪಕ್ಕ ಹಿಡಿದು ನೋಡಿದ. "ರಾಜಮಹ್ಮದ, ನಾ ಬಾಯಿಗೆ ಬಂದಂಗ ಅಂದೆ. ಮನಸಿಗೆ ಹಚ್ಕೋಬ್ಯಾಡ." ಒಳಗಿನಿಂದ ಹೊಸ ರೇಷ್ಮೆಯ ಲಡಿ ತಂದ. ರಾಜಮಹ್ಮದನ ಕಡೆ ಚಾಚಿದ ಕೈ ಲಾಲಬಿಯ ಕಡೆ ಹೊರಳಿತು. "ಮದಿವಿಗೆ ಇನ್ನೊಂದ ನೇಯ್ತೇನಿ. ಅರಗಿನ ಕೆಂಪ ಹಾಕಿಕೊಡ ತಂಗಿ. ತಪ್ಪು ನಿಮ್ಮದಲ್ಲಂತ ಓಣಿಯವ್ರಿಗೂ ನಾನ ಹೇಳ್ತೇನಿ."

ಲಾಲಬಿ ಲಡಿಯನ್ನು ಗಂಡನ ಹೆಗಲಿಗೇರಿಸಿದಳು. ಹೊಸ್ತಿಲು ಮಾತ್ರ ದಾಟಲಿಲ್ಲ.

"ಅಣ್ಣಾರ, ಕಿಡಕಿ ಇನ್ನೊಂದ ವಾರ ಬೇಕಾಗಿತ್ರಿ. ನೀಲಿ ಯಾವ ಬೆಳಕ ನುಂಗತೈತಿ ನೋಡಬೇಕು."