ಖಾಲಿ ಬಿಂದಿಗೆ

ವಿದೇಶಕ್ಕೆ ಹೋಗುವವರ ಮನೆಸಾಮಾನು ಕಟ್ಟಿ ಹಡಗಿಗೆ ಕಳಿಸುವುದು ನನ್ನ ಕೆಲಸ. ಹುಣಸೂರಿನ ಹುಡುಗಿಯೊಬ್ಬಳು ಮದುವೆಯಾಗಲು ಜರ್ಮನಿಗೆ ಹೊರಟಿದ್ದಳು. ನಾನು ಕಟ್ಟಲು ಎತ್ತಿಕೊಂಡ ತಾಮ್ರದ ಬಿಂದಿಗೆಗೆ ಅವಳಜ್ಜಿ ಒಂದು ಹಿಡಿ ಅಕ್ಕಿ ಹಾಕಿದರು.

"ಹಡಗ್ನಲ್ಲಿ ಅಕ್ಕಿಪಕ್ಕಿ ಕಳ್ಸಂಗಿಲ್ಲ ಕಣಜ್ಜಿ," ಎಂದು ಸಿಡುಕಿದೆ.

"ಮದ್ವೆ ಎಣ್ಣಿಗೆ ಬರೀ ಬಿಂದ್ಗೆ ಕಳಿಸ್ತಾರೇನಪ್ಪ?"

ನಾನು ಅಕ್ಕಿಯನ್ನು ಮೊರಕ್ಕೆ ಸುರಿದುಬಿಟ್ಟೆ. ಅಜ್ಜಿ ಬಿಂದಿಗೆಗೆ ಬಾಯಿಟ್ಟು ಮೆಲ್ಲಗೆ ಸೋಬಾನೆ ಹಾಡತೊಡಗಿದರು. ಒಳಗೆ ಯಾರೋ ಹೆಂಗಸರು ಕೂತು ದನಿಗೂಡಿಸಿದಂತೆ ಕೇಳಿತು. ಹಾಡು ಮುಗಿದದ್ದೇ ಬಿಂದಿಗೆಯ ಬಾಯನ್ನು ಅಂಗೈಯಿಂದ ಮುಚ್ಚಿ, "ಬಿರ್ನೆ ಕಟ್ಟಪ್ಪ, ಆಚೆಗೆ ಬಂದ್ಬುಡ್ತದೆ," ಎಂದರು.

ಪಟ್ಟಿಯಲ್ಲಿ 'ಬಿಂದಿಗೆ, ಖಾಲಿ' ಎಂದೇ ಬರೆದೆ. ಆಮೇಲೆ ಗಾಜಿನ ಸಾಮಾನಿಗೆ ಅಂಟಿಸುವ 'ಜೋಪಾನ' ಚೀಟಿಯನ್ನು ಅದಕ್ಕೂ ಅಂಟಿಸಿದೆ. ತಾಮ್ರ ಒಡೆಯುವುದಿಲ್ಲ ಅನ್ನುವುದು ನನಗೂ ಗೊತ್ತು.